ಬಲೂನು ನಾಯಿ, ಹರಿದ ಚೀಟಿ ಮತ್ತು ನಮ್ಮೂರಿನ ನಾಗರಕಲ್ಲು

ಹೋದ ವಾರ ಊರಿಗೆ ಹೊರಟಿದ್ದೆ. ಊರು ಅಂದ್ರೆ ಗೌರಿಬಿದನೂರು. ಬಸ್ಸು ದೊಡ್ಡಬಳ್ಳಾಪುರ ದಾಟಿತ್ತು, ಗೆಳೆಯನೊಬ್ಬ ಮೊಬೈಲಿಗೆ ಒಂದು ಚಿತ್ರ ಕಳಿಸಿದ. ಹುಟ್ಟುಹಬ್ಬದ ಪಾರ್ಟಿಗಳಲ್ಲಿ ಉದ್ದನೆಯ ಬಲೂನನ್ನು ತಿರುಚಿ ತಿರುಚಿ ಮಕ್ಕಳಿಗೆ ನಾಯಿ ಮಾಡಿಕೊಡ್ತಾರಲ್ಲ, ಅಂಥದೇ ಒಂದು ನಾಯಿ. ಆದ್ರೆ ಇದು ಬಲೂನಲ್ಲ, ಸ್ಟೇನ್‌ಲೆಸ್ ಸ್ಟೀಲು. ಹತ್ತಡಿ ಎತ್ತರ, ಕಿತ್ತಳೆ ಬಣ್ಣ, ಮುಖ ನೋಡಿಕೊಳ್ಳುವಷ್ಟು ಹೊಳಪು. 2013ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಇದು 5 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಮಾಡಿದವನು (ಅಥವಾ ಮಾಡಿಸಿದವನು!) ಜೆಫ್ ಕೂನ್ಸ್. ಚಿತ್ರದ ಕೆಳಗೆ ಗೆಳೆಯನ ಒಗ್ಗರಣೆ: "ಇವನು ಒಂದು ದಿನ ಉಳಿ ಹಿಡಿದವನಲ್ಲ, ಸುತ್ತಿಗೆ ಹಿಡಿದವನಲ್ಲ. ನಮ್ಮ ಬೇಲೂರು ಹಳೇಬೀಡಿನ ಮುಂದೆ ಇದೂ ಒಂದು ಶಿಲ್ಪವಾ?"

ಈ ಮಾತನ್ನು ನಾವೆಲ್ಲ ಒಂದಲ್ಲ ಒಂದು ಸಲ ಆಡಿದವರೇ. ನಾನೂ ಆಡಿದ್ದೇನೆ. ಆದರೆ ಅವತ್ತು ಬಸ್ಸಿಳಿಯುವ ಹೊತ್ತಿಗೆ ನನಗೆ ಗೆಳೆಯನ ಮೇಲೇ ಸಿಟ್ಟು ಬಂದಿತ್ತು. ಕೂನ್ಸ್ ಮೇಲೆ ನನಗೂ ತಕರಾರಿದೆ, ಜೋರಾಗೇ ಇದೆ. ಆದ್ರೆ ಗೆಳೆಯನ ಬೈಗುಳ ತಪ್ಪು ವಿಳಾಸಕ್ಕೆ ಹೋಗಿದೆ ಅಂತ ನನಗನ್ನಿಸುತ್ತೆ. ಅದನ್ನೇ ಇಲ್ಲಿ ಸ್ವಲ್ಪ ಉದ್ದವಾಗಿ ಬರೀತಿದ್ದೇನೆ, ಸಹಿಸಿಕೊಳ್ಳಿ.

ಮೊದಲು ಆಸಾಮಿಯ ಜಾತಕ. 1955ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಯಾರ್ಕ್ ಎಂಬ ಊರಲ್ಲಿ ಹುಟ್ಟಿದ. ಅಪ್ಪನದು ಪೀಠೋಪಕರಣದ ಅಂಗಡಿ. ಕಲಾಶಾಲೆ ಮುಗಿಸಿ ನ್ಯೂಯಾರ್ಕಿಗೆ ಬಂದು ಅಲ್ಲಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಸದಸ್ಯತ್ವ ಮಾರುವ ಮೇಜಿನ ಹಿಂದೆ ಕೂತ. ಆಮೇಲೆ ಕಲೆಗೆ ದುಡ್ಡು ಹೊಂದಿಸೋಕೆ ವಾಲ್ ಸ್ಟ್ರೀಟಿನಲ್ಲಿ ಸರಕು ವ್ಯಾಪಾರದ ದಲ್ಲಾಳಿಯಾದ. 1980ರ ಸುಮಾರಿಗೆ ಹೊಚ್ಚ ಹೊಸ ವ್ಯಾಕ್ಯೂಮ್ ಕ್ಲೀನರುಗಳನ್ನು ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯಲ್ಲಿಟ್ಟು, ಕೆಳಗೆ ಟ್ಯೂಬ್‌ಲೈಟ್ ಹಾಕಿ ಶಿಲ್ಪ ಅಂದ. 1985ರಲ್ಲಿ ನೀರಿನ ತೊಟ್ಟಿಯ ನಟ್ಟನಡುವೆ ಬಾಸ್ಕೆಟ್‌ಬಾಲ್ ನಿಲ್ಲಿಸಿದ. ತಳದಲ್ಲಿ ಗಟ್ಟಿ ಉಪ್ಪುನೀರು, ಮೇಲೆ ಶುದ್ಧ ನೀರು, ಎರಡರ ಗಡಿಯಲ್ಲಿ ಚೆಂಡು! ಇದಕ್ಕೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರ ಸಲಹೆಯನ್ನೂ ಕೇಳಿದ್ದ. ದಿನ ಕಳೆದಂತೆ ಎರಡೂ ನೀರು ಬೆರೆಯುತ್ತವೆ, ಚೆಂಡು ಕೆಳಗಿಳಿಯುತ್ತೆ, ಮತ್ತೆ ತೊಟ್ಟಿ ತುಂಬಬೇಕು. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇದು ನನಗೆ ಬಹಳ ಇಷ್ಟವಾದ ಕೆಲಸ.

1986ರಲ್ಲಿ ಗಾಳಿ ತುಂಬಿದ ಆಟಿಕೆ ಮೊಲವನ್ನು ಸ್ಟೀಲಿನಲ್ಲಿ ಎರಕ ಹೊಯ್ಯಿಸಿದ. ಮೂರೂವರೆ ಅಡಿಯೂ ಇಲ್ಲದ ಆ ಮೊಲ 2019ರ ಮೇ ತಿಂಗಳಲ್ಲಿ 9 ಕೋಟಿ 10 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಗಿ, ಬದುಕಿರುವ ಕಲಾವಿದರ ಲೆಕ್ಕದಲ್ಲಿ ದಾಖಲೆ ಮುರಿಯಿತು. ನಡುವೆ ಮೈಕೇಲ್ ಜಾಕ್ಸನ್ ಮತ್ತವನ ಮುದ್ದಿನ ಚಿಂಪಾಂಜಿಯ ಚಿನ್ನದ ಬಣ್ಣದ ಪಿಂಗಾಣಿ (1988). ಇಟಲಿಯಲ್ಲಿ ಅಶ್ಲೀಲ ಚಿತ್ರಗಳ ತಾರೆಯೂ ಸಂಸದೆಯೂ ಆಗಿದ್ದ ಇಲೋನಾ ಸ್ಟಾಲರ್ ಜೊತೆ ಮದುವೆ, ಅವಳ ಜೊತೆಗಿನ ಸರಸವನ್ನೇ ಚಿತ್ರ, ಶಿಲ್ಪ ಮಾಡಿ ಪ್ರದರ್ಶನಕ್ಕಿಟ್ಟ ರಾದ್ಧಾಂತ. 1992ರಲ್ಲಿ ಜರ್ಮನಿಯಲ್ಲಿ ನಾಲ್ಕು ಮಹಡಿ ಎತ್ತರದ, ಜೀವಂತ ಹೂಗಿಡಗಳನ್ನೇ ಮೈತುಂಬ ಹೊದ್ದ ನಾಯಿಮರಿ. ಅದು 1997ರಿಂದ ಸ್ಪೇನಿನ ಬಿಲ್ಬಾವೊ ಊರಿನ ಗುಗೆನ್‌ಹೈಮ್ ಮ್ಯೂಸಿಯಮ್ಮಿನ ಬಾಗಿಲು ಕಾಯ್ತಿದೆ. 2008ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಅರಮನೆಯೊಳಗೆ ಪ್ರದರ್ಶನ, ಹೊರಗೆ ಪ್ರತಿಭಟನೆ. ಜಾತಕ ಇನ್ನೂ ಉದ್ದವಿದೆ, ಬಿಡಿ.

ಈಗ ಗೆಳೆಯನ ಆಪಾದನೆಗೆ ಬರೋಣ. ಉಳಿ ಹಿಡಿಯಲಿಲ್ಲ ಅಂತ. ನಿಜ, ಹಿಡಿಯಲಿಲ್ಲ. ಅದನ್ನವನು ಮುಚ್ಚಿಟ್ಟೂ ಇಲ್ಲ. ನ್ಯೂಯಾರ್ಕಿನ ಅವನ ಸ್ಟುಡಿಯೋದಲ್ಲಿ ಒಂದು ಕಾಲಕ್ಕೆ ನೂರಕ್ಕೂ ಹೆಚ್ಚು ಜನ ಕೆಲಸ ಮಾಡ್ತಿದ್ದರು. ಕ್ಯಾನ್‌ವಾಸನ್ನು ಸಣ್ಣ ಸಣ್ಣ ತುಂಡಾಗಿ ಗುರುತು ಮಾಡಿ, ಒಂದೊಂದು ತುಂಡಿಗೂ ಬಣ್ಣ ಗೊತ್ತು ಮಾಡಿ ಕೊಟ್ಟರೆ ಅವರು ತುಂಬುತ್ತಾ ಹೋಗೋದು. ಪಿಂಗಾಣಿ, ಮರದ ಕೆಲಸ ಇಟಲಿ, ಜರ್ಮನಿಯ ಕಾರ್ಯಾಗಾರಗಳಿಂದ. ನಮ್ಮ ಭಾಷೇಲಿ ಹೇಳೋದಾದ್ರೆ ಪಕ್ಕಾ ಔಟ್‌ಸೋರ್ಸಿಂಗ್!

ಆದರೆ ಇದರಲ್ಲಿ ತಪ್ಪೇನಿದೆ? ಬೇಲೂರಿನ ದೇವಸ್ಥಾನವನ್ನು ಒಬ್ಬನೇ ಕೆತ್ತಿದನಾ? ಯುರೋಪಿನ ರೂಬೆನ್ಸ್ ಕೂಡ ಶಿಷ್ಯರ ಕೈಲಿ ಚಿತ್ರ ತುಂಬಿಸಿದವನೇ. ಸಿನಿಮಾ ನಿರ್ದೇಶಕ ಕ್ಯಾಮೆರಾ ಹಿಡೀತಾನಾ? ದೊಡ್ಡ ಕೆಲಸ ಅಂದಮೇಲೆ ಹತ್ತು ಕೈ, ನೂರು ಕೈ ಬೇಕೇ ಬೇಕು. ಒಬ್ಬನೇ ಕೂತು ಮಾಡಿದ್ದು ಮಾತ್ರ ಕಲೆ ಅಂದ್ರೆ ಮುಕ್ಕಾಲು ಪಾಲು ಕಲೆಯನ್ನು ಎತ್ತಿ ಆಚೆಗೆ ಎಸೀಬೇಕಾಗುತ್ತೆ. ಹಾಗಾಗಿ ಈ ಆಪಾದನೆ ವಜಾ.

ನನ್ನ ಆಪಾದನೆ ಬೇರೆ. ಅದಕ್ಕೆ ಒಂದು ಕತೆ ಇದೆ, ಕತೆಯಲ್ಲ, ಅಮೆರಿಕದ ಕೋರ್ಟಿನ ತೀರ್ಪಿನಲ್ಲೇ ಇರೋ ಸಂಗತಿ.

ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ರೋಜರ್ಸ್ ಅಂತ ಒಬ್ಬ ಫೋಟೋಗ್ರಾಫರ್. 1980ರಲ್ಲಿ ಒಂದು ದಂಪತಿ ಎಂಟು ನಾಯಿಮರಿಗಳನ್ನು ಮಡಿಲಲ್ಲಿ ಸಾಲಾಗಿ ಹಿಡಿದು ಕೂತಿರೋ ಕಪ್ಪುಬಿಳುಪು ಫೋಟೋ ತೆಗೆದ. ಅದು ಶುಭಾಶಯದ ಕಾರ್ಡಾಗಿ ಮಾರಾಟಕ್ಕೆ ಬಂತು. ಕೂನ್ಸ್ ಆ ಕಾರ್ಡನ್ನು ಅಂಗಡಿಯಲ್ಲಿ ಕೊಂಡ. ಕೊಂಡವನು ಏನು ಮಾಡಿದ ಗೊತ್ತಾ? ಕಾರ್ಡಿನಲ್ಲಿ ರೋಜರ್ಸನ ಹಕ್ಕುಸ್ವಾಮ್ಯ ಬರೆದಿದ್ದ ಭಾಗವನ್ನು ಹರಿದು ತೆಗೆದ. ಮಿಕ್ಕಿದ್ದನ್ನು ಇಟಲಿಯ ಮರಗೆತ್ತನೆಯವರಿಗೆ ಕಳಿಸಿ, ಇದರಲ್ಲಿ ಇರೋ ಹಾಗೇ ಆಗಬೇಕು ಅಂತ ತಾಕೀತು ಮಾಡಿದ. ಅವರು ಕೆತ್ತಿಕೊಟ್ಟರು. ಅಂಥ ಮೂರು ಶಿಲ್ಪ ಒಟ್ಟು 3 ಲಕ್ಷ 67 ಸಾವಿರ ಡಾಲರಿಗೆ ಮಾರಾಟವಾದವು. ರೋಜರ್ಸ್ ಕೋರ್ಟಿಗೆ ಹೋದ. ನಾನು ಸಮಾಜವನ್ನು ವಿಡಂಬನೆ ಮಾಡ್ತಿದ್ದೆ ಅಂತ ಕೂನ್ಸ್ ವಾದಿಸಿದ. 1992ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ಒಪ್ಪಲಿಲ್ಲ, ಕೂನ್ಸ್ ಸೋತ.

ಆ ಹರಿದ ಚೀಟಿ ಇದೆಯಲ್ಲ, ನನ್ನ ಮಟ್ಟಿಗೆ ಕೂನ್ಸನ ಇಡೀ ವೃತ್ತಿಜೀವನ ಅದರಲ್ಲೇ ಇದೆ. ಒಂದೇ ಒಂದು ಹರಿತದಲ್ಲಿ ಎರಡು ಹೆಸರು ಹೋದವು. ಫೋಟೋ ತೆಗೆದವನ ಹೆಸರು ಮೊದಲೇ ಹೋಯ್ತು, ಮರ ಕೆತ್ತಿದವನ ಹೆಸರು ಬರಲೇ ಇಲ್ಲ. ಉಳಿದಿದ್ದು ನಡುವೆ ನಿಂತು ಕಾರ್ಡು ದಾಟಿಸಿದವನ ಹೆಸರು.

ಒಂದು ಸಲ ಎಡವಿದ ಅನ್ನೋಣ ಅಂದ್ರೆ, ಹಾಗೂ ಇಲ್ಲ. ಗಾರ್ಫೀಲ್ಡ್ ಕಾರ್ಟೂನಿನ ಓಡಿ ಎಂಬ ನಾಯಿಯ ವಿಷಯದಲ್ಲಿ 1993ರಲ್ಲಿ ಸೋತ. 2006ರಲ್ಲಿ ಆಂಡ್ರಿಯಾ ಬ್ಲಾಂಚ್ ಎಂಬ ಫೋಟೋಗ್ರಾಫರ್ ಹೂಡಿದ ದಾವೆಯಲ್ಲಿ ಗೆದ್ದ, ಅದನ್ನೂ ಹೇಳಬೇಕು. ಆದ್ರೆ ಫ್ರಾನ್ಸಿನಲ್ಲಿ 2017ರಲ್ಲಿ ಒಂದು, 2018ರಲ್ಲಿ ಇನ್ನೊಂದು ಮೊಕದ್ದಮೆ ಸೋತ. ಎರಡನೆಯದು 1985ರ ಒಂದು ಬಟ್ಟೆ ಜಾಹೀರಾತಿನ ಚಿತ್ರದ್ದು: ಹಿಮದಲ್ಲಿ ಮಲಗಿದ ಹುಡುಗಿ, ಪಕ್ಕದಲ್ಲೊಂದು ಹಂದಿಮರಿ.

ಇನ್ನು ತಮಾಷೆ ಕೇಳಿ. 2010ರ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಣ್ಣ ಅಂಗಡಿ ಬಲೂನು ನಾಯಿಯ ಆಕಾರದ ಬುಕ್‌ಎಂಡುಗಳನ್ನು ಮಾರ್ತಿತ್ತು. ಪುಸ್ತಕ ಬೀಳದಂತೆ ಎರಡು ಕಡೆ ಒತ್ತಾಗಿ ಇಡ್ತೀವಲ್ಲ, ಅದು. ಕೂನ್ಸನ ವಕೀಲರಿಂದ ನೋಟೀಸು ಬಂತು, ಇದು ನಮ್ಮ ಶಿಲ್ಪದ ನಕಲು, ಮಾರಾಟ ನಿಲ್ಲಿಸಿ ಅಂತ! ಬಲೂನು ನಾಯಿ ಯಾರಪ್ಪನ ಆಸ್ತಿ ಸ್ವಾಮಿ? ಸರ್ಕಸ್ಸಿನ ಜೋಕರುಗಳು, ಜಾತ್ರೆಯ ಬಲೂನಿನವರು ಲೆಕ್ಕವಿಲ್ಲದಷ್ಟು ಮಕ್ಕಳಿಗೆ ಮಾಡಿಕೊಟ್ಟ ಆಕಾರ. ಅಂಗಡಿಯವರು ಜಗ್ಗಲಿಲ್ಲ, ಊರೆಲ್ಲ ನಕ್ಕಿತು, 2011ರ ಫೆಬ್ರವರಿ ಹೊತ್ತಿಗೆ ನೋಟೀಸಿನ ಕತೆ ತಣ್ಣಗಾಯ್ತು. ಇನ್ನೊಬ್ಬರದು ತಗೊಳ್ಳುವಾಗ ಎಲ್ಲರದು, ತನ್ನ ಹೆಸರು ಬಿದ್ದಮೇಲೆ ತನ್ನೊಬ್ಬನದು. ನನ್ನ ಸಿಟ್ಟು ಇಲ್ಲಿ.

ಸಾಫ್ಟ್‌ವೇರಿನವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಓಪನ್ ಸೋರ್ಸ್ ಲೋಕದಲ್ಲಿ ಯಾರ ಕೋಡು ಬೇಕಾದ್ರೂ ಎತ್ತಿಕೊಂಡು ಬಳಸಬಹುದು, ತಿದ್ದಬಹುದು, ಮಾರಲೂಬಹುದು. ತೀರಾ ಉದಾರವಾದ ಲೈಸೆನ್ಸುಗಳೂ ಸಾಮಾನ್ಯವಾಗಿ ಕೇಳೋದು ಒಂದೇ: ಬರೆದವರ ಹೆಸರಿನ ಆ ನಾಲ್ಕು ಸಾಲು ತೆಗೆಯಬೇಡಿ ಮಾರಾಯ್ರೆ ಅಂತ. ನಕಲು ಮಾಡೋದು ಅಪರಾಧವಲ್ಲ, ಚೀಟಿ ಹರಿಯೋದು ಅಪರಾಧ.

"ಅವರಿಗೆ ಸಂಬಳ ಕೊಟ್ಟಿದ್ದಾರಲ್ಲ, ಇನ್ನೇನು?" ಅನ್ನೋರಿದ್ದಾರೆ. ಈ ಮಾತು ನಾನು ಕಿವಿಯಾರೆ ಕೇಳಿದ್ದು. ನನ್ನ ಮೊದಲ ಕೆಲಸದಲ್ಲಿ ನಾವು ಮೂರು ಜನ ಎಂಟು ತಿಂಗಳು ರಾತ್ರಿ ಹಗಲು ಕೂತು ಒಂದು ಮಾಡ್ಯೂಲ್ ಬರೆದೆವು. ಬಿಡುಗಡೆಯ ದಿನ ಇಡೀ ಕಂಪನಿಗೆ ಅಭಿನಂದನೆಯ ಈಮೇಲ್ ಹೋಯ್ತು. ಅದರಲ್ಲಿ ಹನ್ನೊಂದು ಹೆಸರಿದ್ದವು, ನಮ್ಮ ಮೂವರದ್ದು ಇರಲಿಲ್ಲ. ಕೇಳಿದ್ದಕ್ಕೆ ಸಿಕ್ಕ ಉತ್ತರ ಇದೇ, ಸಂಬಳ ಬಂತಲ್ಲ. ಬಂತು, ಇಲ್ಲ ಅನ್ನಲ್ಲ. ಆದರೆ ಸಂಬಳ ಸಮಯದ ಬೆಲೆ. ಹೆಸರು ಬೇರೆ ಲೆಕ್ಕ. ಸಂಬಳ ಕೊಟ್ಟ ಮಾತ್ರಕ್ಕೆ ಆ ಕೆಲಸ ಮಾಡಿದ್ದು ನಾನಲ್ಲ ಅಂತಾಗಿಬಿಡುತ್ತಾ?

ಸರಿ, ಕೂನ್ಸನ್ನು ಬೈದಿದ್ದಾಯ್ತು. ಅವನು ದೂರದಲ್ಲಿದ್ದಾನೆ, ಬೈದರೆ ನಮಗೇನೂ ಖರ್ಚಿಲ್ಲ. ಈಗ ನಮ್ಮ ಮನೆ ಕಡೆ ತಿರುಗೋಣ.

ಗೆಳೆಯ ಬೇಲೂರು ಹಳೇಬೀಡು ಅಂದನಲ್ಲ. ಅವನು ಗೊತ್ತಿಲ್ಲದೆ ನನ್ನ ಪರವಾಗಿಯೇ ಸಾಕ್ಷಿ ಹೇಳಿದ. ಭಾರತದ ಪ್ರಾಚೀನ ಶಿಲ್ಪಗಳಲ್ಲಿ ಮಾಡಿದವನ ಹೆಸರು ಸಿಗೋದು ಅಪರೂಪ. ಹೊಯ್ಸಳರದ್ದು ಆ ಮಾತಿಗೆ ದೊಡ್ಡ ಅಪವಾದ. 1117ರ ಬೇಲೂರಿನಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಇಬ್ಬರೂ ತಾವು ಕೆತ್ತಿದ ಮದನಿಕೆಯರ ಕೆಳಗೆ ಹೆಸರು ಹಾಕಿದ್ದಾರೆ, ಜೊತೆಗೆ ಬಿರುದುಗಳನ್ನೂ. 1258ರ ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಂಬ ರೂವಾರಿ ಒಂದಲ್ಲ ಎರಡಲ್ಲ, ಹತ್ತಾರು ವಿಗ್ರಹಗಳ ಕೆಳಗೆ ತನ್ನ ಹೆಸರು ಬಿಟ್ಟುಹೋಗಿದ್ದಾನೆ. ದೇವಸ್ಥಾನ ಕಟ್ಟಿಸಿದ ರಾಜ, ದಂಡನಾಯಕರಿಗೆ ದೊಡ್ಡ ಶಾಸನ ಇದೆ, ಸರಿ. ಆದರೆ ಉಳಿ ಹಿಡಿದವನಿಗೂ ಅಂಗೈಯಗಲ ಜಾಗ ಸಿಕ್ಕಿತ್ತು. ಅಲ್ಲೂ ಕೆಲಸ ನೂರಾರು ಕೈಗಳದ್ದೇ. ಆದರೆ ದಾಸೋಜನ ಚೀಟಿಯನ್ನು ವಿಷ್ಣುವರ್ಧನ ಹರಿಯಲಿಲ್ಲ!

ಹರಿದವರು ನಾವು. ಶಾಲಾ ಪ್ರವಾಸದಲ್ಲಿ ಬೇಲೂರಿಗೆ ಹೋದಾಗ ಗೈಡು ಹೇಳಿದ್ದು, ಮೇಷ್ಟ್ರು ಹೇಳಿದ್ದು ಎಲ್ಲ ಜಕಣಾಚಾರಿಯ ಕತೆ. ಒಳ್ಳೆ ಕತೆಯೇ. ಕಪ್ಪೆ ಚೆನ್ನಿಗರಾಯ, ಅಪ್ಪ ಮಗನ ಪಂದ್ಯ, ಎಲ್ಲ ಚೆನ್ನಾಗಿದೆ. ಆದರೆ ಜಕಣಾಚಾರಿ ಅನ್ನೋ ಶಿಲ್ಪಿಗೆ ಶಾಸನದ ಆಧಾರ ಇಲ್ಲ. ಆಧಾರ ಇರೋ ದಾಸೋಜನ ಹೆಸರು ಕಲ್ಲಲ್ಲೇ ಇದೆ, ನಮ್ಮ ಬಾಯಲ್ಲಿಲ್ಲ. ಸರ್ಕಾರ ಶಿಲ್ಪಿಗಳಿಗೆ ಕೊಡೋ ಪ್ರಶಸ್ತಿಯೂ ಜಕಣಾಚಾರಿ ಹೆಸರಲ್ಲೇ. ಹೆಸರು ಹಾಕಿಕೊಂಡವನಿಗೆ ಹೆಸರಿಲ್ಲ!

ಇವತ್ತಿನ ಕತೆಗೆ ಬನ್ನಿ. ಮುರುಡೇಶ್ವರದ 123 ಅಡಿಯ ಶಿವನನ್ನು ನೋಡದ ಕನ್ನಡಿಗರು ಕಡಿಮೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದವರು ಇನ್ನೂ ಕಡಿಮೆ. ಕಟ್ಟಿಸಿದವರು ಆರ್. ಎನ್. ಶೆಟ್ಟಿ ಅಂತ ಯಾರನ್ನು ಕೇಳಿದ್ರೂ ಹೇಳ್ತಾರೆ. ಮಾಡಿದವರು ಯಾರು? ಶಿವಮೊಗ್ಗದ ಶಿಲ್ಪಿ ಕಾಶೀನಾಥ್, ಅವರ ಮಗ ಶ್ರೀಧರ್. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕೆಂಪ್‌ಫೋರ್ಟ್ ಹಿಂದೆ 1995ರಲ್ಲಿ ಎದ್ದು ನಿಂತ 65 ಅಡಿ ಶಿವನೂ ಕಾಶೀನಾಥರದ್ದೇ. ನನ್ನ ಪ್ರಕಾರ ನಮ್ಮ ಕಾಲದ ಕನ್ನಡದ ನಿಜವಾದ ಪಾಪ್ ಶಿಲ್ಪಿ ಅಂದ್ರೆ ಅವರೇ. ಕ್ಯಾಲೆಂಡರಿನ ಶಿವನನ್ನು ಸಿಮೆಂಟಿನಲ್ಲಿ ಮುಗಿಲಿಗೆ ಎತ್ತಿದವರು. ಕೂನ್ಸ್ ಮಾಡಿದ್ದೂ ಅದೇ ಅಲ್ವಾ? ಎಲ್ಲರಿಗೂ ಗೊತ್ತಿರೋ ಅಗ್ಗದ ಆಕಾರವನ್ನು ಹಿಗ್ಗಿಸಿ ನಿಲ್ಲಿಸೋದು. ಆದರೆ ಅವನು ಮಾಡಿದರೆ ಕಲಾ ವಿಮರ್ಶಕರು ಪುಸ್ತಕ ಬರೀತಾರೆ, ಇವರು ಮಾಡಿದರೆ "ಸಿಮೆಂಟ್ ಗೊಂಬೆ" ಅಂತ ಮೂಗು ಮುರೀತಾರೆ. ಚೆನ್ನಾಗಿಲ್ಲ ಅನ್ನಿ, ಬೇಜಾರಿಲ್ಲ. ಆದರೆ ಹೆಸರು ಹಿಡಿದು ಚೆನ್ನಾಗಿಲ್ಲ ಅನ್ನಿ!

ಇನ್ನು ನಮ್ಮ ಜಿಲ್ಲೆಯದೇ ಉದಾಹರಣೆ. ಚಿಕ್ಕಬಳ್ಳಾಪುರದ ಆವಲಗುರ್ಕಿ ಬಳಿ 2023ರ ಜನವರಿ 15ರಂದು ಈಶ ಫೌಂಡೇಶನ್ನಿನ 112 ಅಡಿಯ ಆದಿಯೋಗಿಯ ಅನಾವರಣ ಆಯ್ತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಂದಿದ್ದರು. ಅದಕ್ಕೆ ಮುಂಚೆ ನಂದಿಬೆಟ್ಟದ ತಪ್ಪಲಿನ ಪರಿಸರದ ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿತ್ತು. ಕೆರೆ, ಕಾಡು, ಜಮೀನು ಎಲ್ಲದರ ಬಗ್ಗೆ ಜನ ಜಗಳ ಆಡಿದರು, ಆಡಬೇಕಾದ್ದೇ. 2017ರಲ್ಲಿ ಕೊಯಮತ್ತೂರಿನಲ್ಲಿ ನಿಂತ ಮುಖವೇ ಇಲ್ಲಿ ಇನ್ನೊಮ್ಮೆ ನಿಂತಿದೆ. ಕೂನ್ಸನ ಬಲೂನು ನಾಯಿಯೂ ಹಾಗೇ, ಒಂದೇ ಅಚ್ಚು, ಐದು ಬಣ್ಣ, ಐದು ನಾಯಿ. ಶನಿವಾರ ಭಾನುವಾರ ಬೆಂಗಳೂರಿನ ಕಾರುಗಳೆಲ್ಲ ಅಲ್ಲೇ. ಹೋಗಿಬಂದ ನನ್ನ ಪರಿಚಯದ ಹತ್ತು ಜನರನ್ನು ಕೇಳಿದೆ, ಆ ಉಕ್ಕಿನ ಹಾಳೆ ಬೆಸೆದು ಮುಖಕ್ಕೆ ಆ ಶಾಂತಿ ತಂದವರು ಯಾರು ಅಂತ. ಒಬ್ಬರೂ ಹೇಳಲಿಲ್ಲ. ಕೇಳಬೇಕು ಅಂತಲೂ ಅವರಿಗೆ ಹೊಳೆದಿರಲಿಲ್ಲ. ಪ್ರಶ್ನೆ ಕೇಳೋದನ್ನು ಊರಿಗೆಲ್ಲ ಕಲಿಸಿದ ಎಚ್. ನರಸಿಂಹಯ್ಯನವರು ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಅಂತ ಹೆಮ್ಮೆ ಬೇರೆ ನಮಗೆ!

ನನ್ನನ್ನೂ ಬಿಡಲ್ಲ, ಕೇಳಿ. ಊರಿಗೆ ಹೋದವನು ಭಾನುವಾರ ಅಮ್ಮನ ಜೊತೆ ವಿದುರಾಶ್ವತ್ಥಕ್ಕೆ ಹೋಗಿದ್ದೆ. 1938ರ ಏಪ್ರಿಲ್ 25ರ ಗೋಲಿಬಾರ್‌ನಿಂದ ದೇಶಕ್ಕೆ ಗೊತ್ತಾದ ಊರು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದು ಅದಕ್ಕಿಂತ ಮುಂಚೆ ನಾಗರಕಲ್ಲಿನ ಊರು. ಮಕ್ಕಳಾಗಲಿ ಅಂತ ಹರಕೆ ಹೊತ್ತು ಕಲ್ಲು ಪ್ರತಿಷ್ಠೆ ಮಾಡಿಸ್ತಾರೆ. ಹಳೇ ಅಶ್ವತ್ಥ ಮರ 2001ರಲ್ಲಿ ಬಿದ್ದುಹೋಯ್ತು, ಕಲ್ಲುಗಳು ಮಾತ್ರ ಸಾವಿರಗಟ್ಟಲೆ ಹಾಗೇ ನಿಂತಿವೆ. ಹೆಣೆದುಕೊಂಡ ಎರಡು ಹಾವು, ಏಳು ಹೆಡೆ, ಒಂದರ ಹಾಗೆ ಇನ್ನೊಂದಿಲ್ಲ. ಅದರಲ್ಲಿ ಒಂದು ನಾನು ಹುಟ್ಟುವ ಮುಂಚೆ ಅಮ್ಮ ಇಡಿಸಿದ್ದು. ಒಂದು ಲೆಕ್ಕದಲ್ಲಿ ನನ್ನ ಜನನ ಪ್ರಮಾಣಪತ್ರ :)

ಅಮ್ಮನನ್ನು ಕೇಳಿದೆ, ನಮ್ಮ ಕಲ್ಲು ಕೆತ್ತಿದ್ದು ಯಾರಮ್ಮ? ಅಮ್ಮನಿಗೆ ಪ್ರತಿಷ್ಠೆ ಮಾಡಿಸಿದ ಐನೋರ ಹೆಸರು ನೆನಪಿದೆ. ಅವತ್ತಿನ ತಿಥಿ ನೆನಪಿದೆ. ಊಟಕ್ಕೆ ಯಾರ್ಯಾರು ಬಂದಿದ್ದರು, ಅಜ್ಜಿ ಯಾಕೆ ಮುನಿಸಿಕೊಂಡಿದ್ದಳು ಎಲ್ಲ ನೆನಪಿದೆ. ಕೆತ್ತಿದವನು? "ಯಾರೋ ಕಲ್ಲುಕುಟಿಗರು ಕಣೋ, ದುಡ್ಡು ಕೊಟ್ಟು ತಂದ್ವಿ." ನನ್ನ ಹಳೇ ಕಂಪನಿಯ ಉತ್ತರವೇ, ಅಕ್ಷರ ಬದಲಾಗಿಲ್ಲ.

ಕೂನ್ಸ್ ಹತ್ತಿರ ಹೆಸರಿದೆ, ಕೈಯಿಲ್ಲ. ನಮ್ಮವರ ಹತ್ತಿರ ಕೈಯಿದೆ, ಹೆಸರಿಲ್ಲ. ಇವೆರಡೂ ಬೇರೆ ಬೇರೆ ಕಾಯಿಲೆ ಅಂತ ನಾವು ತಿಳಿದುಕೊಂಡಿದ್ದೇವೆ. ಒಂದೇ ಕಾಯಿಲೆ. ಮಾಡಿದವನು ಯಾರು ಅಂತ ಕೇಳದ ಜನ ಇರೋವರೆಗೆ ಹೆಸರು ಯಾರು ಬೇಕಾದ್ರೂ ಎತ್ತಿಕೊಳ್ಳಬಹುದು. ಅಲ್ಲಿ ಕಲಾವಿದ ಎತ್ತಿಕೊಂಡ, ಇಲ್ಲಿ ದಾನಿ, ಟ್ರಸ್ಟು, ಮಂತ್ರಿ ಎತ್ತಿಕೊಳ್ತಾರೆ. 2024ರ ಫೆಬ್ರವರಿಯಲ್ಲಿ ಒಡಿಸ್ಸಿಯಸ್ ಎಂಬ ನೌಕೆ ಕೂನ್ಸನ 125 ಪುಟ್ಟ ಶಿಲ್ಪಗಳನ್ನು ಹೊತ್ತು ಚಂದ್ರನ ಮೇಲಿಳಿಯಿತು. ಒಂದೊಂದಕ್ಕೂ ಇತಿಹಾಸದ ಒಬ್ಬೊಬ್ಬ ಮಹನೀಯರ ಹೆಸರು. ಹೆಸರಿಗೆ ಎಷ್ಟು ಬೆಲೆ ಅಂತ ಅವನಿಗೆ ಚೆನ್ನಾಗೇ ಗೊತ್ತು ನೋಡಿ. ಆಗಲೇ ಹೆಸರಿದ್ದವರ ಹೆಸರು ಚಂದ್ರನವರೆಗೂ ಹೋಗುತ್ತೆ!

ನಾನು ಕೇಳ್ತಿರೋದು ದೊಡ್ಡದೇನಲ್ಲ. ಕಾನೂನು ಬೇಡ, ಸಂಘ ಬೇಡ. ಊರಲ್ಲಿ ಹೊಸದಾಗಿ ಒಂದು ಪ್ರತಿಮೆ ನಿಂತರೆ, ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ ಅಂತ ಮೂವತ್ತು ಹೆಸರು ಕೆತ್ತುವ ಅಮೃತಶಿಲೆಯ ಫಲಕದಲ್ಲಿ ಇನ್ನೊಂದು ಸಾಲು ಇರಲಿ, ಶಿಲ್ಪಿ ಇಂಥವರು, ಬೆಸುಗೆ ಇಂಥವರು ಅಂತ. ಗಣೇಶನ ಹಬ್ಬದ ಪೆಂಡಾಲಿನಲ್ಲಿ ಚಂದಾ ಕೊಟ್ಟವರ ಪಟ್ಟಿ ಪಕ್ಕ ಗಣಪನ್ನ ಮಾಡಿದವನ ಹೆಸರೂ ಇರಲಿ. ಮತ್ತೆ ನಾವು, ಪ್ರವಾಸ ಹೋಗಿಬಂದು ಫೋಟೋ ಹಾಕಿ ಉದ್ದುದ್ದ ಬರೆಯೋ ನಾವು, ಕಟ್ಟಿಸಿದವರ ಹೆಸರು ಬರೆದ ಮೇಲೆ ಕಟ್ಟಿದವರ ಹೆಸರು ಹುಡುಕಿ ಒಂದು ಸಾಲು ಬರೆಯೋಣ. ಅದು ಸಿಗಲಿಲ್ಲ ಅಂದ್ರೆ ಸಿಗಲಿಲ್ಲ ಅಂತಲೇ ಬರೆಯೋಣ. ಅಷ್ಟು ಮಾಡಿದ ಮೇಲೆ ಕೂನ್ಸನ್ನು ಬೈಯೋಣ, ನಾನೂ ಜೊತೆಗೆ ಬರ್ತೀನಿ.

ಅಂದಹಾಗೆ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಇವತ್ತಿಗೂ ವಿಗ್ರಹ ಕೆತ್ತುವ ಮನೆಗಳಿವೆ. ಮುಂದಿನ ತಿಂಗಳು ಹೋಗೋಣ ಅಂದ್ಕೊಂಡಿದ್ದೀನಿ. ಅಮ್ಮನ ಕಲ್ಲು ಕೆತ್ತಿದವರು ಅಲ್ಲಿ ಸಿಗೋ ನಂಬಿಕೆ ಇಲ್ಲ. ಕೆತ್ತೋರು ಸಿಗ್ತಾರೆ, ಅವರ ಹೆಸರು ಕೇಳಿ ಬರೆದುಕೊಂಡು ಬರ್ತೀನಿ. ಯಾರಾದ್ರೂ ಜೊತೆಗೆ ಬರ್ತೀರಾ?